ಮ್ಯಾಥ್ಯೂ ಬೇಕರ್‌ನ ಬದುಕನ್ನು ಪೆನ್ಸಿಲ್ ಹಿಡಿದು ಓದುವ ಬಗೆ

ಟ್ಯೂಡರ್ ಕಾಲದ ಇಂಗ್ಲೆಂಡಿನ ಹಡಗುಮೇಸ್ತ್ರಿ ಮ್ಯಾಥ್ಯೂ ಬೇಕರ್‌ನನ್ನು ಅರಿಯಲು ಹೊರಟವರಿಗೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು ಎದುರಾಗುತ್ತದೆ. ಬೇಕರ್ ಬಿಟ್ಟುಹೋದದ್ದು ಚಿತ್ರಗಳನ್ನು ಮತ್ತು ಲೆಕ್ಕಗಳನ್ನು. ಅವನ ಕೊನೆಗಾಲದ ಎದುರಾಳಿ, ಇನ್ನೊಬ್ಬ ಹಡಗುಮೇಸ್ತ್ರಿ ಫಿನಿಯಾಸ್ ಪೆಟ್ ಬಿಟ್ಟುಹೋದದ್ದು ಆತ್ಮಕಥೆಯನ್ನು. ಚಿತ್ರಕ್ಕಿಂತ ಮಾತು ಬೇಗ ಓದಿಸಿಕೊಳ್ಳುವುದರಿಂದ, ನಾಲ್ಕು ನೂರು ವರ್ಷಗಳಿಂದ ಹೆಚ್ಚಿನ ಓದುಗರು ಪೆಟ್‌ನ ಕಣ್ಣಿನಿಂದಲೇ ಬೇಕರ್‌ನನ್ನು ನೋಡುತ್ತಾ, ಅವನನ್ನು ಕಿರಿಯರ ಏಳಿಗೆ ಸಹಿಸದ ಮುದುಕ ಎಂದು ಬದಿಗಿಟ್ಟಿದ್ದಾರೆ. ಈ ತೀರ್ಪು ಅರ್ಧ ಸತ್ಯ ಎಂಬುದು ನನ್ನ ನಂಬಿಕೆ. ಉಳಿದರ್ಧವನ್ನು ಕಾಣಬೇಕಾದರೆ ಬೇಕರ್ ಯಾವ ಭಾಷೆಯಲ್ಲಿ ಯೋಚಿಸುತ್ತಿದ್ದನೋ ಆ ಭಾಷೆಯಲ್ಲಿ, ಅಂದರೆ ರೇಖೆ ಮತ್ತು ಅಂಕಿಗಳಲ್ಲಿ, ಸ್ವಲ್ಪ ಹೊತ್ತು ಕೈಯಾಡಿಸಬೇಕಾಗುತ್ತದೆ. ಅದನ್ನು ಹೇಗೆ ಮಾಡಬಹುದು ಎಂಬುದನ್ನು ನಾನು ಮಾಡಿಕೊಂಡ ಕ್ರಮದಲ್ಲೇ ಇಲ್ಲಿ ವಿವರಿಸುತ್ತೇನೆ.

ಇದಕ್ಕೆ ಬೇಕಾಗುವ ಸಾಮಗ್ರಿ ಹೆಚ್ಚಿನದೇನಲ್ಲ. ಒಂದೆರಡು ಗ್ರಾಫ್ ಹಾಳೆ, ಶಾಲೆಯ ಜ್ಯಾಮಿತಿ ಪೆಟ್ಟಿಗೆಯಲ್ಲಿರುವ ಕೈವಾರ, ಅಳತೆಪಟ್ಟಿ, ಚೂಪಾದ ಪೆನ್ಸಿಲ್ ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. ನೋಟ್‌ಬುಕ್ಕಿನ ಎಡಪುಟದಲ್ಲಿ ನಡೆದದ್ದನ್ನು ಬರೆಯಿರಿ. ಬಲಪುಟದಲ್ಲಿ ಅದನ್ನು ನಮಗೆ ಹೇಳಿದವರು ಯಾರು, ಹಾಗೆ ಹೇಳುವುದರಿಂದ ಅವರಿಗೆ ಏನು ಲಾಭವಿತ್ತು ಎಂಬುದನ್ನು ಬರೆಯಿರಿ. ಜಗಳಗಳ ಭಾಗಕ್ಕೆ ಬಂದಾಗ ಬಲಪುಟವೇ ಎಡಪುಟಕ್ಕಿಂತ ಬೇಗ ತುಂಬುತ್ತದೆ.

ತಾರೀಖು ಮತ್ತು ಹೆಸರುಗಳ ಗೋಜಲನ್ನು ಮೊದಲು ಬಿಡಿಸಿಕೊಳ್ಳಿ

ಆ ಕಾಲದ ಇಂಗ್ಲೆಂಡಿನ ಕಾಗದಪತ್ರಗಳಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ಹೀಗಾಗಿ ಜನವರಿ 1ರಿಂದ ಮಾರ್ಚ್ 24ರವರೆಗಿನ ಪತ್ರಗಳ ಮೇಲೆ ನಮ್ಮ ಎಣಿಕೆಗಿಂತ ಒಂದು ವರ್ಷ ಹಿಂದಿನ ಇಸವಿ ಇರುತ್ತದೆ. ಸ್ಪೇನಿನ ನೌಕಾಪಡೆ ದಂಡೆತ್ತಿ ಬರುವ ಮುನ್ನ, ಫೆಬ್ರುವರಿಯಲ್ಲಿ, ಇಂಗ್ಲೆಂಡಿನ ನೌಕಾಧಿಪತಿ ಹೋವರ್ಡ್ ಬರೆದ ಪತ್ರದ ಮೇಲೆ 1587 ಎಂದಿದ್ದರೂ ನಮ್ಮ ಲೆಕ್ಕದಲ್ಲಿ ಅದು 1588. ಇದನ್ನು ಗಮನಿಸದೆ ಹೋದರೆ, 1587ರ ಶರತ್ಕಾಲದಲ್ಲಿ ಬೇಕರ್ ಮತ್ತು ಅವನ ಜೊತೆಗಾರರು ಮಾಡಿದ ದೂರು ಹಾಗೂ ಆ ದೂರಿಗೆ ಉತ್ತರದಂತಿರುವ ಹೋವರ್ಡ್‌ನ ಮಾತು ಹಿಂದುಮುಂದಾಗಿ, ಇಡೀ ಜಗಳದ ಅರ್ಥವೇ ಕೆಡುತ್ತದೆ. ನೋಟ್‌ಬುಕ್ಕಿನಲ್ಲಿ ಆ ಮೂರು ತಿಂಗಳುಗಳ ಘಟನೆಗಳಿಗೆ ಎರಡೂ ಇಸವಿಗಳನ್ನು ಬರೆದುಕೊಳ್ಳುವುದು ಒಳ್ಳೆಯದು.

ಹೆಸರುಗಳ ವಿಷಯದಲ್ಲಿ ಪೆಟ್ ಮನೆತನ ಹೆಚ್ಚು ಗೊಂದಲ ಹುಟ್ಟಿಸುತ್ತದೆ. ಬೇಕರ್‌ನ ಸಮಕಾಲೀನನೂ ಸಹೋದ್ಯೋಗಿಯೂ ಆಗಿದ್ದ ಪೀಟರ್ ಪೆಟ್ 1589ರಲ್ಲಿ ತೀರಿಕೊಂಡವನು. ಅವನ ಮಗ ಫಿನಿಯಾಸ್ ಹುಟ್ಟಿದ್ದು 1570ರಲ್ಲಿ, ಸತ್ತದ್ದು 1647ರಲ್ಲಿ. ಫಿನಿಯಾಸನ ಮಗನ ಹೆಸರೂ ಪೀಟರ್. 1667ರಲ್ಲಿ ಡಚ್ಚರು ಮೆಡ್ವೇ ನದಿಯೊಳಕ್ಕೆ ನುಗ್ಗಿ ಹಡಗುಗಳನ್ನು ಸುಟ್ಟಾಗ ತಪ್ಪು ಹೊರಬೇಕಾಗಿ ಬಂದದ್ದು ಈ ಪೀಟರ್‌ಗೆ. ಬೇಕರ್‌ನ ಕಥೆಗೆ ಬೇಕಾದವರು ಮೊದಲ ಇಬ್ಬರು ಮಾತ್ರ.

ಬದುಕಿನ ಚೌಕಟ್ಟು

ಬೇಕರ್ ಹುಟ್ಟಿದ್ದು 1530ರ ಆಸುಪಾಸಿನಲ್ಲಿ. ತಂದೆ ಜೇಮ್ಸ್ ಬೇಕರ್ ಎಂಟನೆಯ ಹೆನ್ರಿಯ ಹಡಗುಗಳನ್ನು ಕಟ್ಟುತ್ತಿದ್ದವನು. ಅಪ್ಪನ ಕೈಯಿಂದ ಮಗನ ಕೈಗೆ ಉಳಿ ಬಾಚಿ ದಾಟಿ ಬರುತ್ತಿದ್ದ ಕಸುಬು ಅದು, ಅಲ್ಲಿಯವರೆಗೆ ವಿಶೇಷವೇನಿಲ್ಲ. ವಿಶೇಷವಿರುವುದು ಮುಂದಿನ ಹೆಜ್ಜೆಯಲ್ಲಿ. 1550ರಲ್ಲಿ ಹೊರಟ ಬಾರ್ಕ್ ಆಚರ್ ಎಂಬ ಹಡಗಿನಲ್ಲಿ, ಕ್ಯಾಪ್ಟನ್ ರೋಜರ್ ಬೋಡನ್‌ಹ್ಯಾಮ್‌ನ ಕೈಕೆಳಗೆ, ಇಪ್ಪತ್ತರ ಹರೆಯದ ಬೇಕರ್ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಿ ಕ್ರೀಟ್ ಮತ್ತು ಖಿಯೋಸ್ ದ್ವೀಪಗಳನ್ನು ನೋಡಿ ಬಂದ. ಮುಂದೆ ಉತ್ತರ ಸಮುದ್ರಮಾರ್ಗವಾಗಿ ರಷ್ಯವನ್ನು ತಲುಪಿ ಹೆಸರು ಮಾಡಿದ ರಿಚರ್ಡ್ ಚಾನ್ಸೆಲರ್ ಕೂಡ ಅದೇ ಹಡಗಿನಲ್ಲಿದ್ದ. ಆ ಭಾಗದ ಸಮುದ್ರದಲ್ಲಿ ವೆನಿಸ್ಸಿನವರೂ ಗ್ರೀಕರೂ ಹಡಗಿನ ಆಕಾರವನ್ನು ಅಳತೆ ಮತ್ತು ಪ್ರಮಾಣಗಳ ಮೂಲಕ ನಿರ್ಧರಿಸುವ ಪದ್ಧತಿಯನ್ನು ಬಹಳ ಹಿಂದೆಯೇ ಬೆಳೆಸಿಕೊಂಡಿದ್ದರು. ಬೇಕರ್ ಮುಂದೆ ಬರೆದಿಟ್ಟ ಚಿತ್ರಗಳಲ್ಲಿ ಆ ಕಡೆಯ ಹಡಗುಗಳೂ ಇರುವುದನ್ನು ನೋಡಿದರೆ, ಆ ಪ್ರಯಾಣ ಅವನಿಗೆ ಬರಿಯ ಊರು ಸುತ್ತಾಟವಾಗಿರಲಿಲ್ಲ ಎನ್ನಿಸುತ್ತದೆ.

1572ರಲ್ಲಿ ರಾಣಿ ಎಲಿಜಬೆತ್ ರಾಜಪತ್ರದ ಮೂಲಕ ಅವನನ್ನು ಅರಸೊತ್ತಿಗೆಯ ಮುಖ್ಯ ಹಡಗುಮೇಸ್ತ್ರಿಯಾಗಿ ನೇಮಿಸಿದಳು. ಅಲ್ಲಿಂದ ಮುಂದೆ ಥೇಮ್ಸ್ ದಂಡೆಯ ಡೆಪ್ಟ್‌ಫರ್ಡ್ ಮತ್ತು ವುಲಿಚ್ ಹಡಗುಕಟ್ಟೆಗಳಲ್ಲಿ ಅವನ ಕೈಯಿಂದ ಸಾಲಾಗಿ ಹಡಗುಗಳು ಇಳಿದವು: 1573ರ ಡ್ರೆಡ್‌ನಾಟ್, 1586ರ ವ್ಯಾನ್‌ಗಾರ್ಡ್, 1590ರ ಮೆರಾನರ್. 1577ರ ರಿವೆಂಜ್ ಹಡಗನ್ನೂ ಸಾಮಾನ್ಯವಾಗಿ ಅವನ ಹೆಸರಿಗೇ ಹೇಳುತ್ತಾರೆ. 1588ರ ಸ್ಪೇನಿನ ಎದುರಿನ ಯುದ್ಧದಲ್ಲಿ ಇಂಗ್ಲಿಷ್ ನೌಕಾನಾಯಕ ಡ್ರೇಕ್ ಏರಿದ್ದು ಅದನ್ನೇ. 1593ರಲ್ಲಿ ಕೇಂಬ್ರಿಜಿನ ವಿದ್ವಾಂಸ ಗೇಬ್ರಿಯಲ್ ಹಾರ್ವಿ, ಶಾಸ್ತ್ರ ಓದದಿದ್ದರೂ ಕೈಕಸುಬಿನಲ್ಲಿ ನುರಿತವರನ್ನು ಹೀಗಳೆಯಬಾರದೆಂದು ವಾದಿಸುತ್ತಾ ಕೊಟ್ಟ ಪಟ್ಟಿಯಲ್ಲಿ, ಉಪಕರಣ ತಯಾರಕ ಹಂಫ್ರಿ ಕೋಲ್ ಮತ್ತು ನಾವಿಕ ರಾಬರ್ಟ್ ನಾರ್ಮನ್ ಜೊತೆಗೆ ಬೇಕರ್‌ನ ಹೆಸರಿದೆ. ಹಡಗು ಕಟ್ಟುವ ವಿದ್ಯೆಯಲ್ಲಿ ಯಾವ ದೇಶದಲ್ಲೂ ಅವನಿಗೆ ಸಾಟಿಯಿಲ್ಲವೆಂದು ಅದೇ ದಶಕದಲ್ಲಿ ಬರೆದವನು ಉತ್ತರಧ್ರುವದ ಕಡಲುಗಳನ್ನು ಹುಡುಕಿದ ಜಾನ್ ಡೇವಿಸ್. ಬೇಕರ್ ತೀರಿಕೊಂಡದ್ದು 1613ರಲ್ಲಿ, ಎಂಬತ್ತು ದಾಟಿದ ಮೇಲೆ.

ಈ ಚೌಕಟ್ಟನ್ನು ಒಂದು ಪುಟದಲ್ಲಿ ಬರೆದುಕೊಂಡು ಮುಂದಕ್ಕೆ ಹೋಗಿ. ಇಸವಿಗಳನ್ನು ಬಾಯಿಪಾಠ ಮಾಡುವುದರಿಂದ ಅವನು ಅರ್ಥವಾಗುವುದಿಲ್ಲ.

ಚಿತ್ರಗಳನ್ನು ನೋಡುವ ಕ್ರಮ

ಇಂಗ್ಲೆಂಡಿನಲ್ಲಿ ಉಳಿದುಬಂದಿರುವ ಹಡಗು ವಿನ್ಯಾಸದ ಅತಿ ಹಳೆಯ ಅಳತೆಚಿತ್ರಗಳು ಬೇಕರ್‌ನವು. ಅವು ಇಂದು ಕೇಂಬ್ರಿಜಿನ ಮಾಡ್ಲಿನ್ ಕಾಲೇಜಿನಲ್ಲಿ, ಹದಿನೇಳನೆಯ ಶತಮಾನದ ನೌಕಾಡಳಿತಗಾರ, ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಬಿಟ್ಟುಹೋದ ಗ್ರಂಥಭಂಡಾರದಲ್ಲಿವೆ. ಬಿಡಿಬಿಡಿಯಾಗಿದ್ದ ಹಾಳೆಗಳಾದ್ದರಿಂದ ಪೀಪ್ಸ್ ಅವುಗಳಿಗೆ ಇಂಗ್ಲೆಂಡಿನ ಪುರಾತನ ಹಡಗುಗಾರಿಕೆಯ ತುಣುಕುಗಳು ಎಂಬ ಅರ್ಥದ ಹೆಸರನ್ನಿಟ್ಟ. ಎಲ್ಲವೂ ಒಬ್ಬನದೇ ಕೈಬರಹವಲ್ಲ. ಬೇಕರ್‌ನ ನಂತರ ಜಾನ್ ವೆಲ್ಸ್ ಎಂಬವನು ಅದೇ ಹಾಳೆಗಳಲ್ಲಿ ಲೆಕ್ಕವನ್ನು ಮುಂದುವರಿಸಿದ, ಗುಣಾಕಾರವನ್ನು ಬರಿಯ ಕೂಡಿಕೆಗೆ ಇಳಿಸುವ, ಆಗಷ್ಟೇ ಬಂದಿದ್ದ ಲಾಗರಿದಮ್‌ಗಳನ್ನೂ ಬಳಸಿದ.

ಈ ಚಿತ್ರಗಳ ಪ್ರತಿಗಳು ನಿಮಗೆ ಸಿಕ್ಕಾಗ ಎರಡನ್ನು ಮೊದಲು ಹುಡುಕಿ. ಒಂದರಲ್ಲಿ ಹಡಗುಮೇಸ್ತ್ರಿಯೊಬ್ಬ ಮೇಜಿನ ಮೇಲೆ ಹರಡಿದ ನಕ್ಷೆಯ ಮೇಲೆ ದೊಡ್ಡ ಕೈವಾರ ಹಿಡಿದು ಬಾಗಿದ್ದಾನೆ, ಹತ್ತಿರದಲ್ಲಿ ಅವನ ಸಹಾಯಕನಿದ್ದಾನೆ. ಆ ಮೇಸ್ತ್ರಿ ಬೇಕರನೇ ಎಂದು ಬಹಳ ಮಂದಿ ಹೇಳುತ್ತಾರೆ. ಅವನ ಕೈಯಲ್ಲಿ ಬಾಚಿಯಿಲ್ಲ, ಕೊಡಲಿಯಿಲ್ಲ. ಮರದ ಚಕ್ಕೆಗಳ ನಡುವೆ ಅಲ್ಲ, ಕಾಗದದ ಎದುರು ತನ್ನ ಕಸುಬು ನಡೆಯುತ್ತದೆ ಎಂದು ಆ ಚಿತ್ರ ಹೇಳುತ್ತಿದೆ. ಇನ್ನೊಂದರಲ್ಲಿ ಹಡಗಿನ ಒಡಲಿನ ಪಕ್ಕನೋಟದೊಳಗೆ ನೀರಿನ ಕೆಳಗಿನ ಭಾಗಕ್ಕೆ ಸರಿಯಾಗಿ ಒಂದು ದೊಡ್ಡ ಮೀನನ್ನು ಬರೆಯಲಾಗಿದೆ. ಮೀನಿನ ತಲೆ ದಪ್ಪ, ಬಾಲದ ಕಡೆಗೆ ಮೈ ಸಣ್ಣಗಾಗುತ್ತಾ ಹೋಗುತ್ತದೆ. ಕಾಡ್ ಮೀನಿನ ತಲೆ, ಬಂಗುಡೆಯ ಬಾಲ ಎಂದು ಇಂಗ್ಲಿಷ್ ಹಡಗುಗಾರರು ಆಡಿಕೊಳ್ಳುತ್ತಿದ್ದ ಆಕಾರ ಇದು: ಮುಂಭಾಗ ತುಂಬಿಕೊಂಡಿರಬೇಕು, ಹಿಂಭಾಗದಲ್ಲಿ ನೀರು ಸಲೀಸಾಗಿ ಜಾರಿ ಚುಕ್ಕಾಣಿಗೆ ತಾಕಬೇಕು. ಬೇಕರ್‌ನ ಹೆಸರಿನೊಂದಿಗೆ ಎಲ್ಲರೂ ರಿವೆಂಜ್ ಹಡಗನ್ನು ನೆನೆಯುತ್ತಾರೆ. ನನಗೆ ಮೊದಲು ನೆನಪಾಗುವುದು ಈ ಮೀನು. ತಾನು ಕಟ್ಟುತ್ತಿದ್ದ ಆಕಾರಕ್ಕೆ ಕಾರಣವನ್ನು ಕೇಳಿಕೊಂಡ ಮನುಷ್ಯನೊಬ್ಬ ಅಲ್ಲಿ ಕಾಣಿಸುತ್ತಾನೆ.

ನಡುಹಡಗಿನ ಅಡ್ಡಸೀಳನ್ನು ನೀವೇ ಬರೆಯಿರಿ

ಬೇಕರ್‌ನ ವಿದ್ಯೆಯ ತಿರುಳು ಹಡಗಿನ ನಡುಮೈಯ ಅಡ್ಡಸೀಳಿನಲ್ಲಿದೆ. ಹಡಗನ್ನು ಅದರ ಅತಿ ಅಗಲವಾದ ಜಾಗದಲ್ಲಿ ಗರಗಸ ಹಾಕಿ ಎರಡು ಮಾಡಿದರೆ ಕಾಣುವ ಹೊರಗೆರೆ ಅದು. ಕಣ್ಣಂದಾಜಿನಲ್ಲಿ ಬಾಗಿಸುತ್ತಿದ್ದ ಆ ಗೆರೆಯನ್ನು ಒಂದಕ್ಕೊಂದು ಕೂಡಿಕೊಂಡ ವೃತ್ತದ ಕಂಸಗಳಿಂದ ರಚಿಸುವುದು ಅವನ ಪದ್ಧತಿ. ಇದನ್ನು ಓದಿದರೆ ಸಾಲದು, ಒಮ್ಮೆ ಬರೆದು ನೋಡಬೇಕು. ಅಗಲಕ್ಕೂ ಆಳಕ್ಕೂ 1582ರ ಕಾಗದವೊಂದರಲ್ಲಿ ದಾಖಲಾಗಿರುವ ಲಂಡನ್ನಿನ ಅಸೆನ್ಷನ್ ಹಡಗಿನ ಅಳತೆಗಳನ್ನು ಇಟ್ಟುಕೊಂಡಿದ್ದೇನೆ: ಅಗಲ 24 ಅಡಿ, ಆಳ 12 ಅಡಿ. ತಳದ ಅಗಲ ಮತ್ತು ತ್ರಿಜ್ಯಗಳು ಮಾತ್ರ ಲೆಕ್ಕ ಸಲೀಸಾಗಿ ಕೂಡಿಬರಲೆಂದು ಅಭ್ಯಾಸಕ್ಕಾಗಿ ನಾನೇ ಆರಿಸಿಕೊಂಡವು.

ಒಂದು ಅಡಿಗೆ ಅರ್ಧ ಸೆಂಟಿಮೀಟರ್ ಎಂಬ ಅಳತೆಯಲ್ಲಿ ಹಾಳೆಯ ಕೆಳಭಾಗದಲ್ಲಿ ಅಡ್ಡಗೆರೆಯೊಂದನ್ನು ಎಳೆಯಿರಿ. ಇದು ಹಡಗಿನ ತಳಮಟ್ಟ. ಅದರ ಮಧ್ಯದಿಂದ ಲಂಬವಾಗಿ ಮೇಲಕ್ಕೆ ಮಧ್ಯರೇಖೆ ಎಳೆಯಿರಿ. ತಳದಿಂದ 6 ಸೆಂಟಿಮೀಟರ್ ಮೇಲೆ ಇನ್ನೊಂದು ಅಡ್ಡಗೆರೆ ಬರಲಿ. ಹಡಗಿನ ಗರಿಷ್ಠ ಅಗಲ ಇರುವುದು ಆ ಮಟ್ಟದಲ್ಲಿ. ಅದರ ಮೇಲೆ ಮಧ್ಯರೇಖೆಯಿಂದ ಎರಡೂ ಕಡೆಗೆ 6 ಸೆಂಟಿಮೀಟರ್ ಗುರುತು ಮಾಡಿ. ಈಗ ಬಲಭಾಗವನ್ನು ಮಾತ್ರ ಬರೆಯೋಣ. ತಳಗೆರೆಯ ಮೇಲೆ ಮಧ್ಯದಿಂದ 2 ಸೆಂಟಿಮೀಟರ್‌ವರೆಗೆ ಗೆರೆಯನ್ನು ಗಾಢಗೊಳಿಸಿ. ಇದು ಸಪಾಟಾದ ತಳ, ಅಂದರೆ ಒಂದು ಕಡೆಗೆ 4 ಅಡಿ, ಎರಡೂ ಕಡೆ ಸೇರಿ 8 ಅಡಿ. ಆ ತುದಿಯಿಂದ ನೇರ ಮೇಲಕ್ಕೆ 2 ಸೆಂಟಿಮೀಟರ್ ಎತ್ತರದಲ್ಲಿ ಕೈವಾರದ ಮುಳ್ಳನ್ನು ಊರಿ, 2 ಸೆಂಟಿಮೀಟರ್ ತ್ರಿಜ್ಯದಲ್ಲಿ ತಳದ ತುದಿಯಿಂದ ಹೊರಕ್ಕೆ ಸಣ್ಣ ಕಂಸವೊಂದನ್ನು ಬರೆಯಿರಿ.

ಎರಡನೆಯ ಕಂಸ ದೊಡ್ಡದು. ಅದು ಸಣ್ಣ ಕಂಸಕ್ಕೆ ಎಲ್ಲಿಯೂ ಮೂಲೆ ಬೀಳದಂತೆ ಕೂಡಿಕೊಂಡು, ಮೇಲೆ ಗರಿಷ್ಠ ಅಗಲದ ಗುರುತನ್ನು ನೆಟ್ಟಗೆ ನಿಂತು ಮುಟ್ಟಬೇಕು. ನಾನು ಮೊದಲ ಸಲ ಬರೆದಾಗ ಇದರ ಕೇಂದ್ರವನ್ನು ಮಧ್ಯರೇಖೆಯ ಮೇಲೆಯೇ ಇಟ್ಟೆ. ಎರಡು ಕಂಸಗಳು ನಯವಾಗಿ ಕೂಡದೆ ಒಂದನ್ನೊಂದು ಕತ್ತರಿಸಿ, ಅಲ್ಲಿ ಮೂಲೆ ಬಿತ್ತು. ಕೇಂದ್ರ ಇರಬೇಕಾದದ್ದು ಮೇಲಿನ ಅಡ್ಡಗೆರೆಯ ಮೇಲೆ, ಮಧ್ಯರೇಖೆಯನ್ನು ದಾಟಿ 1 ಸೆಂಟಿಮೀಟರ್ ಎಡಕ್ಕೆ. ಅಲ್ಲಿಂದ 7 ಸೆಂಟಿಮೀಟರ್ ತ್ರಿಜ್ಯದಲ್ಲಿ ಕಂಸ ಎಳೆದರೆ ಬಲತುದಿಯ ಗುರುತಿಗೆ ಸರಿಯಾಗಿ ಹೊಂದಿಕೊಂಡು, ಕೆಳಗೆ ಸಣ್ಣ ಕಂಸದೊಳಕ್ಕೆ ಜಾರಿ ಸೇರುತ್ತದೆ. ಎರಡೂ ಕೇಂದ್ರಗಳನ್ನು ಕೂಡಿಸುವ ಗೆರೆ ಎಳೆದು ಅಳೆಯಿರಿ: 5 ಸೆಂಟಿಮೀಟರ್. ಅಡ್ಡಕ್ಕೆ 3, ಉದ್ದಕ್ಕೆ 4, ಕರ್ಣ 5. ಶಾಲೆಯಲ್ಲಿ ಎಲ್ಲರೂ ಕಲಿತ ಪೈಥಾಗೊರಸ್ ತ್ರಿಕೋನ. ದೊಡ್ಡ ತ್ರಿಜ್ಯ 7ರಲ್ಲಿ ಸಣ್ಣ ತ್ರಿಜ್ಯ 2ನ್ನು ಕಳೆದರೂ ಉಳಿಯುವುದು 5. ಕೇಂದ್ರಗಳ ನಡುವಿನ ದೂರ ಮತ್ತು ತ್ರಿಜ್ಯಗಳ ವ್ಯತ್ಯಾಸ ಸಮವಾದಾಗ ಮಾತ್ರ ಒಂದು ಕಂಸ ಇನ್ನೊಂದರೊಳಕ್ಕೆ ಮೂಲೆಯಿಲ್ಲದೆ ಸೇರುತ್ತದೆ. ಆ ಕೂಡುವ ಬಿಂದು ಮಧ್ಯದಿಂದ 3.2 ಸೆಂಟಿಮೀಟರ್ ದೂರದಲ್ಲಿ, ತಳದಿಂದ 0.4 ಸೆಂಟಿಮೀಟರ್ ಎತ್ತರದಲ್ಲಿ ಬೀಳುವುದನ್ನು ಪರೀಕ್ಷಿಸಿಕೊಳ್ಳಿ. ಗರಿಷ್ಠ ಅಗಲದ ಮೇಲಕ್ಕೆ ಹಡಗಿನ ಮೈ ಒಳಮುಖವಾಗಿ ಬಾಗುತ್ತದೆ. ಅದಕ್ಕೆ ಮತ್ತೊಂದು ಕಂಸ ಬೇಕು. ನಮ್ಮ ಕೆಲಸಕ್ಕೆ ಅದಿಲ್ಲದೆಯೂ ನಡೆಯುತ್ತದೆ.

ಈಗ ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿ. ಈ ಒಂದು ಅಡ್ಡಸೀಳು ಕೈಯಲ್ಲಿದ್ದರೆ, ಹಡಗಿನ ಮುಂದಕ್ಕೂ ಹಿಂದಕ್ಕೂ ಹೋದಂತೆ ತಳ ಎಷ್ಟು ಮೇಲೇರಬೇಕು, ಮೈ ಎಷ್ಟು ಕಿರಿದಾಗಬೇಕು ಎಂದು ಹೇಳುವ ಇನ್ನೆರಡು ಗೆರೆಗಳ ಸಹಾಯದಿಂದ ಉಳಿದ ಪಕ್ಕೆಮರಗಳ ಆಕಾರವನ್ನೂ ತೆಗೆಯಬಹುದು. ಅಲ್ಲಿಯವರೆಗೆ ಮೇಸ್ತ್ರಿಯ ಕಣ್ಣಿನಲ್ಲಿ, ಅವನು ಗುಟ್ಟಾಗಿ ಇಟ್ಟುಕೊಂಡ ಮರದ ಅಚ್ಚುಗಳಲ್ಲಿ ಅಡಗಿದ್ದ ವಿದ್ಯೆ ಹೀಗೆ ಒಂದು ಹಾಳೆಗೆ ಇಳಿಯಿತು. ಹಾಳೆಗೆ ಇಳಿದ ವಿದ್ಯೆಯನ್ನು ಪಕ್ಕದವನು ನೋಡಿ ಕಲಿಯಬಹುದು, ಅಳೆಯಬಹುದು, ತಪ್ಪು ಹಿಡಿಯಬಹುದು. ಬೇಕರ್‌ನ ಬದುಕಿನ ಜಗಳಗಳು ಅಷ್ಟು ಕಹಿಯಾದದ್ದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ.

ಟನ್ನಿನ ಲೆಕ್ಕ

ಜಗಳಗಳಿಗೆ ಹೋಗುವ ಮುನ್ನ ಒಂದು ಸಣ್ಣ ಲೆಕ್ಕ. ಟನ್ ಎಂದರೆ ಮೂಲದಲ್ಲಿ ದ್ರಾಕ್ಷಾರಸದ ದೊಡ್ಡ ಪೀಪಾಯಿ. ಹಡಗು ಎಷ್ಟು ಪೀಪಾಯಿ ಹೊರುತ್ತದೆ ಎಂಬುದು ಅದರ ಗಾತ್ರ. ನೂರು ಟನ್ನಿಗೆ ಮೇಲ್ಪಟ್ಟ ಹಡಗು ಕಟ್ಟಿಸಿದ ವ್ಯಾಪಾರಿಗಳಿಗೆ ಅರಸೊತ್ತಿಗೆ ಟನ್ನಿಗೆ 5 ಶಿಲಿಂಗ್ ಪ್ರೋತ್ಸಾಹಧನ ಕೊಡುತ್ತಿದ್ದುದರಿಂದ ಈ ಅಂಕಿಯಲ್ಲಿ ದುಡ್ಡಿತ್ತು. 1582ರಲ್ಲಿ ಬೇಕರ್‌ನ ಹೆಸರಿನೊಂದಿಗೆ ಬಂದ ಸೂತ್ರ ಹೀಗಿದೆ: ಹಡಗಿನ ಬೆನ್ನೆಲುಬಿನಂತಿರುವ ಅಡಿಮರದ ಉದ್ದ, ಅಗಲ, ಆಳ ಇವುಗಳನ್ನು ಗುಣಿಸಿ, ಹೊರೆ ಮೊದಲೇ ಗೊತ್ತಿರುವ ಹಡಗೊಂದರ ಗುಣಲಬ್ಧದೊಂದಿಗೆ ಹೋಲಿಸಬೇಕು. ಅಸೆನ್ಷನ್ ಹಡಗಿನ ಅಡಿಮರ 54 ಅಡಿ; 54 × 24 × 12 = 15,552. ಅದು ಹೊರುತ್ತಿದ್ದದ್ದು 160 ಟನ್. ಹಾಗಾದರೆ ಅಡಿಮರ 42, ಅಗಲ 20, ಆಳ 10 ಅಡಿ ಇರುವ ಹಡಗಿನ ಗುಣಲಬ್ಧ 8,400. ತ್ರೈರಾಶಿ ಹಾಕಿದರೆ 86 ಟನ್ನಿಗೆ ಸ್ವಲ್ಪ ಹೆಚ್ಚು ಬರುತ್ತದೆ. ಮುಂದೆ ಇದನ್ನೇ ಸರಳಗೊಳಿಸಿ ಗುಣಲಬ್ಧವನ್ನು 100ರಿಂದ ಭಾಗಿಸುವುದು ರೂಢಿಯಾಯಿತು. ಇದು ಅಚ್ಚುಕಟ್ಟಾದ ಲೆಕ್ಕವೇನಲ್ಲ, ಏಕೆಂದರೆ ಹಡಗಿನ ಮೈಯ ತುಂಬುತನ ಇದರಲ್ಲಿ ಬರುವುದೇ ಇಲ್ಲ. ಆದರೂ ಯಾರು ಬೇಕಾದರೂ ಹಗ್ಗ ಹಿಡಿದು ಅಳೆದು ಪರೀಕ್ಷಿಸಬಹುದಾದ ನಿಯಮ ಅದು.

ಪೈಪೋಟಿಗಳನ್ನು ಮೂರು ಪದರಗಳಾಗಿ ಓದಿ

ಮೊದಲ ಪದರ ಪೀಟರ್ ಪೆಟ್ ಜೊತೆಗಿನದು. ಇಲ್ಲಿ ಹಡಗುಗಳನ್ನು ಜೋಡಿಜೋಡಿಯಾಗಿ ಬರೆದುಕೊಂಡರೆ ಚಿತ್ರ ತಾನೇ ಸ್ಪಷ್ಟವಾಗುತ್ತದೆ. 1573ರಲ್ಲಿ ಬೇಕರ್ ಡ್ರೆಡ್‌ನಾಟ್ ಕಟ್ಟಿದ, ಪೆಟ್ ಸ್ವಿಫ್ಟ್‌ಶೂರ್ ಕಟ್ಟಿದ. 1586ರಲ್ಲಿ ಬೇಕರ್ ವುಲಿಚ್‌ನಲ್ಲಿ ವ್ಯಾನ್‌ಗಾರ್ಡ್ ಇಳಿಸಿದ, ಪೆಟ್ ಡೆಪ್ಟ್‌ಫರ್ಡ್‌ನಲ್ಲಿ ರೇನ್‌ಬೋ ಇಳಿಸಿದ. ಒಂದೇ ಅಗತ್ಯಕ್ಕೆ ಇಬ್ಬರು ಮೇಸ್ತ್ರಿಗಳು ಏಕಕಾಲದಲ್ಲಿ ಕೊಟ್ಟ ಎರಡು ಉತ್ತರಗಳು ಇವು. 1588ರಲ್ಲಿ, ಈಗಿನ ಫ್ರಾನ್ಸಿನ ಉತ್ತರ ಕರಾವಳಿಯ ಗ್ರಾವ್ಲೀನ್ ಬಳಿಯ ಕಡಲಿನಲ್ಲಿ ಸ್ಪೇನಿನ ಪಡೆಯ ಮೇಲೆ ಬಿದ್ದ ಹಡಗುಗಳಲ್ಲಿ ಈ ಜೋಡಿಯೂ ಇತ್ತು. ವ್ಯಾನ್‌ಗಾರ್ಡ್‌ನಲ್ಲಿ ಸರ್ ವಿಲಿಯಂ ವಿಂಟರ್, ರೇನ್‌ಬೋದಲ್ಲಿ ಲಾರ್ಡ್ ಹೆನ್ರಿ ಸೀಮರ್. ಈ ಪೈಪೋಟಿಯಿಂದ ಹಡಗುಗಳಿಗೆ ಒಳ್ಳೆಯದೇ ಆಯಿತೆಂದು ಧಾರಾಳವಾಗಿ ಹೇಳಬಹುದು.

ಎರಡನೆಯ ಪದರದಲ್ಲಿ ಇದೇ ಇಬ್ಬರು ಒಂದಾಗಿ ಮೂರನೆಯವನ ಮೇಲೆ ಬೀಳುತ್ತಾರೆ. 1578ರ ಜನವರಿ 1ರಿಂದ ನೌಕಾಪಡೆಯ ಖಜಾಂಚಿಯಾದ ಜಾನ್ ಹಾಕಿನ್ಸ್ ಖರ್ಚನ್ನು ಕಡಿಮೆ ಮಾಡುವುದಾಗಿ ಮಾತು ಕೊಟ್ಟು ಗುತ್ತಿಗೆ ಪದ್ಧತಿಯನ್ನು ತಂದ. 1579ರ ಒಪ್ಪಂದದಂತೆ ಹಡಗುಗಳನ್ನು ದಡಕ್ಕೆಳೆದು ದುರಸ್ತಿ ಮಾಡುವ ಕೆಲಸ ವರ್ಷಕ್ಕೆ 1,000 ಪೌಂಡುಗಳಿಗೆ ಪೀಟರ್ ಪೆಟ್ ಮತ್ತು ಬೇಕರ್ ಪಾಲಿಗೆ ಬಂತು. 1585ರಲ್ಲಿ ಹಾಕಿನ್ಸ್ ಎರಡನೆಯ ಒಪ್ಪಂದ ಮಾಡಿಕೊಂಡು ಆ ಕೆಲಸವನ್ನೂ ತನ್ನ ಕೈಗೆ ತೆಗೆದುಕೊಂಡ. ಅದಾದ ಮೇಲೆ ಇಬ್ಬರೂ ಮೇಸ್ತ್ರಿಗಳು ಹಾಕಿನ್ಸ್‌ನ ಕೈಯಲ್ಲಿ ಹಡಗುಗಳು ಹಾಳಾಗುತ್ತಿವೆ ಎಂದು ದೂರಿದರು. ನೋಟ್‌ಬುಕ್ಕಿನ ಬಲಪುಟದಲ್ಲಿ 1,000 ಪೌಂಡ್ ಎಂದು ಇಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. 1588ರ ಫೆಬ್ರುವರಿಯಲ್ಲಿ ಹೋವರ್ಡ್ ತನ್ನೊಡನೆ ಹೊರಟ ಪ್ರತಿಯೊಂದು ಹಡಗಿನ ಮೂಲೆಮೂಲೆಗೂ ತೆವಳಿ ನೋಡಿ, ಸೋರಿಕೆ ಎಂದರೇನೆಂದೇ ಅವುಗಳಿಗೆ ತಿಳಿಯದು ಎಂಬ ಅರ್ಥದ ಮಾತನ್ನು ಬರೆದ. ಆ ಬೇಸಿಗೆಯ ಯುದ್ಧದಲ್ಲಿ ಹಡಗುಗಳು ನಿಂತ ರೀತಿಯೂ ಹಾಕಿನ್ಸ್ ಪರವಾಗಿಯೇ ಸಾಕ್ಷಿ ಹೇಳಿತು. ಈ ಜಗಳದಲ್ಲಿ ಬೇಕರ್ ತಪ್ಪಿದ ಎಂದೇ ನಾನು ಭಾವಿಸುತ್ತೇನೆ. ಅವನ ಬಗ್ಗೆ ಗೌರವವಿರುವವರು ಅದನ್ನು ಮುಚ್ಚಿಡಬೇಕಾಗಿಲ್ಲ.

ಮೂರನೆಯ ಪದರ ಫಿನಿಯಾಸ್ ಪೆಟ್‌ನದು. ಇಲ್ಲಿ ನಿಧಾನಿಸಬೇಕು. ಫಿನಿಯಾಸ್ ಕೇಂಬ್ರಿಜಿನ ಇಮ್ಯಾನ್ಯುಯೆಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ತಂದೆ ಸತ್ತ; ಓದು ನಿಂತು, ಹುಡುಗ ಮೇಸ್ತ್ರಿ ರಿಚರ್ಡ್ ಚಾಪ್‌ಮನ್ ಬಳಿ ಕೆಲಸಕ್ಕೆ ಸೇರಿದ. ಚಾಪ್‌ಮನ್ 1587ರಲ್ಲಿ ಆರ್ಕ್ ರಾಯಲ್ ಕಟ್ಟಿದವನು. ಎರಡು ವರ್ಷದಲ್ಲಿ ಚಾಪ್‌ಮನ್ ಕೂಡ ತೀರಿಕೊಂಡ. ಅಲೆದಾಡಿ ಬಂದ ಫಿನಿಯಾಸ್ 1595ರ ಸುಮಾರಿಗೆ ಡೆಪ್ಟ್‌ಫರ್ಡ್‌ನಲ್ಲಿ ಬೇಕರ್‌ನ ಕೈಕೆಳಗೆ ಸಾಮಾನ್ಯ ಕೆಲಸಗಾರನಾಗಿ ದುಡಿದ. ಆ ಚಳಿಗಾಲದ ಸಂಜೆಗಳಲ್ಲಿ ತಾನು ಲೆಕ್ಕ ಮತ್ತು ನಕ್ಷೆಯನ್ನು ಅಭ್ಯಾಸ ಮಾಡುತ್ತಿದ್ದೆನೆಂದೂ, ಬೇಕರ್ ಆಗಾಗ ಹೇಳಿಕೊಡುತ್ತಿದ್ದನೆಂದೂ, ತನ್ನ ವಿದ್ಯೆಯ ದೊಡ್ಡ ಬೆಳಕು ಬಂದದ್ದು ಅವನಿಂದಲೇ ಎಂದೂ ಫಿನಿಯಾಸ್ ತಾನೇ ಬರೆದಿದ್ದಾನೆ. ಬೇಕರ್‌ಗೆ ಬರೆದ ಪತ್ರವೊಂದರಲ್ಲಿಯೂ ತನ್ನಲ್ಲಿ ಏನಾದರೂ ಕಲೆಯಿದ್ದರೆ ಅದು ಅವನಿಂದ ಬಂದದ್ದು ಎಂದು ಒಪ್ಪಿಕೊಂಡಿದ್ದಾನೆ. ಮುಂದೆ ಬದ್ಧವೈರಿಗಳಾದ ಇಬ್ಬರ ನಡುವೆ ಮೇಣದಬತ್ತಿಯ ಬೆಳಕಿನಲ್ಲಿ ಒಂದೇ ಹಾಳೆ, ಒಂದೇ ಕೈವಾರ ಇದ್ದ ದಿನಗಳಿದ್ದವು ಎಂಬುದನ್ನು ನೆನಪಿನಲ್ಲಿಟ್ಟು ಮುಂದಿನದನ್ನು ಓದಿ.

ಎಲಿಜಬೆತ್ ನಂತರ ಪಟ್ಟಕ್ಕೆ ಬಂದ ರಾಜ ಜೇಮ್ಸ್ ಕಾಲಕ್ಕೆ ಫಿನಿಯಾಸ್ ಆಸ್ಥಾನದ ಮೆಚ್ಚಿನವನಾದ. ನೌಕಾಧಿಪತಿ ಹೋವರ್ಡ್, ಯುವರಾಜ ಹೆನ್ರಿ ಅವನ ಬೆನ್ನಿಗಿದ್ದರು. 1608ರ ಅಕ್ಟೋಬರಿನಲ್ಲಿ ವುಲಿಚ್‌ನಲ್ಲಿ ಪ್ರಿನ್ಸ್ ರಾಯಲ್ ಎಂಬ ಭಾರೀ ಹಡಗಿಗೆ ಅಡಿಮರ ಹೂಡಿದಾಗ ಕೆಲಸ ಸಿಕ್ಕದ್ದು ಅವನಿಗೆ. ಅದೇ ಹೊತ್ತಿಗೆ ಹೋವರ್ಡ್‌ನ ವಿರೋಧಿಯಾದ ಸಾಮಂತ ನಾರ್ಥಾಂಪ್ಟನ್ ನೌಕಾಪಡೆಯಲ್ಲಿನ ಭ್ರಷ್ಟಾಚಾರದ ವಿಚಾರಣೆ ನಡೆಸುತ್ತಿದ್ದ. ಬೇಕರ್, ವಿಲಿಯಂ ಬ್ರೈಟ್ ಮೊದಲಾದ ಮೇಸ್ತ್ರಿಗಳೂ ನಾವಿಕ ಜಾರ್ಜ್ ವೇಮತ್‌ನೂ ಪೆಟ್‌ನ ವಿನ್ಯಾಸ ತಪ್ಪು, ಮರ ಕೆಟ್ಟದು ಎಂದು ಆರೋಪಿಸಿದರು. ಹೀಗೆ ಕಸುಬಿನ ಭಿನ್ನಾಭಿಪ್ರಾಯ ಆಸ್ಥಾನದ ಎರಡು ಬಣಗಳ ಕೈಯಲ್ಲಿ ಆಯುಧವಾಯಿತು. ಎಡಪುಟದಲ್ಲಿ ಇವೆರಡನ್ನೂ ಬೇರೆಬೇರೆ ಬರೆದುಕೊಳ್ಳಿ.

1609ರ ಮೇ 8ರಂದು ರಾಜನೇ ವುಲಿಚ್‌ಗೆ ಬಂದು ವಿಚಾರಣೆಗೆ ಕುಳಿತ. ಪೆಟ್ ಗಂಟೆಗಟ್ಟಲೆ ಮಂಡಿಯೂರಿ ಉತ್ತರ ಕೊಟ್ಟ. ಎಂಬತ್ತರ ಹೊಸ್ತಿಲಲ್ಲಿದ್ದ ಬೇಕರ್ ಎದುರುಪಕ್ಷದಲ್ಲಿ ನಿಂತಿದ್ದ. ವಾದವೆಲ್ಲ ಕೊನೆಗೆ ಬಂದು ನಿಂತದ್ದು ನಡುಹಡಗಿನ ಸಪಾಟಾದ ತಳದ ಅಗಲದ ಮೇಲೆ. ಆರೋಪಿಸಿದವರು ಅದು ಪೂರ್ತಿ 13 ಅಡಿ ಇದೆ ಎಂದರು. ಪೆಟ್ 11 ಅಡಿ 8 ಅಂಗುಲ ಮಾತ್ರ ಎಂದ. ಗ್ರೆಷಮ್ ಕಾಲೇಜಿನ ಜ್ಯಾಮಿತಿಯ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್‌ನನ್ನು ಅಳತೆಗೆ ಕರೆಸಲಾಯಿತು. ಲಾಗರಿದಮ್‌ಗಳನ್ನು ಮುಂದೆ ಹತ್ತರ ಆಧಾರಕ್ಕೆ ತಂದ ಬ್ರಿಗ್ಸ್ ಅವನೇ. ಅಳತೆ ಪೆಟ್ ಪರವಾಗಿ ಬಂತು. ಸುಳ್ಳು ಹೇಳಿದವರನ್ನು ಗಲ್ಲಿಗೇರಿಸಬಾರದೇಕೆ ಎಂದು ಯುವರಾಜ ಗದರಿದನಂತೆ. ಅಡ್ಡನಾರು (ನಾರು ಅಡ್ಡ ಹಾಯ್ದು ಮರದ ಬಲ ಕುಂದಿಸುವ ದೋಷ) ಇರುವುದು ಮರದಲ್ಲಲ್ಲ, ಈ ಮನುಷ್ಯರಲ್ಲಿ ಎಂದು ರಾಜ ಅಂದನಂತೆ.

ಬಲಪುಟದಲ್ಲಿ ಬರೆಯಬೇಕಾದದ್ದು ಇಷ್ಟು: ಈ ಮಾತುಗಳೆಲ್ಲ ನಮಗೆ ದೊರೆತಿರುವುದು ಗೆದ್ದ ಪೆಟ್‌ನ ಲೇಖನಿಯಿಂದ. ಬೇಕರ್ ಆ ದಿನ ಏನನ್ನು ಹೇಳಬೇಕೆಂದಿದ್ದನೋ ಅದನ್ನು ಅವನ ಬಾಯಿಂದ ಕೇಳುವ ದಾರಿ ನಮಗಿಲ್ಲ. ಆದರೆ ಹಡಗಿನ ಮುಂದಿನ ಕಥೆ ಗೊತ್ತಿದೆ. 775 ಲೋಡ್ (ಗಾಡಿಹೊರೆ) ಮರ ಸಾಕೆಂದು ಅಂದಾಜಿಸಿದ್ದ ಹಡಗಿಗೆ 1,627 ಲೋಡ್ ಹಿಡಿಯಿತು. 1610ರ ಸೆಪ್ಟೆಂಬರಿನಲ್ಲಿ ನೀರಿಗಿಳಿಸುವ ದಿನ ಅದು ಕಟ್ಟೆಯ ಬಾಯಲ್ಲಿ ಸಿಕ್ಕಿಕೊಂಡು, ಮುಂದಿನ ಉಬ್ಬರದವರೆಗೆ ಕಾಯಬೇಕಾಯಿತು. ಸರಿಯಾಗಿ ಒಣಗದ ಹಸಿಮರ ಬಳಸಿದ್ದರಿಂದ 1621ರ ಹೊತ್ತಿಗೆ ದೊಡ್ಡ ದುರಸ್ತಿ ಬೇಕಾಯಿತು. ತಳದ ಅಳತೆಯಲ್ಲಿ ಸೋತ ಮುದುಕರು ಮರದ ವಿಷಯದಲ್ಲಿ ಪೂರ್ತಿ ತಪ್ಪಿರಲಿಲ್ಲ. ಹಾಗೆಂದು ಫಿನಿಯಾಸ್ ಕಳಪೆ ಮೇಸ್ತ್ರಿಯೆಂದೂ ಹೇಳಲಾಗದು. 1637ರಲ್ಲಿ ಅವನ ವಿನ್ಯಾಸದಂತೆ ಮಗ ಪೀಟರ್ ಕಟ್ಟಿದ ಸಾವರಿನ್ ಆಫ್ ದಿ ಸೀಸ್ ಆ ಕಾಲದ ಅತಿ ದೊಡ್ಡ ಹಡಗುಗಳಲ್ಲೊಂದು.

ಈಗ ನಿಮ್ಮ ಗ್ರಾಫ್ ಹಾಳೆಯನ್ನು ಮತ್ತೆ ಮುಂದಿಟ್ಟುಕೊಂಡು, ಅದೇ ಅಳತೆಯಲ್ಲಿ, ಅಡಿಗೆ ಅರ್ಧ ಸೆಂಟಿಮೀಟರಿನಂತೆ, ಇನ್ನೊಂದು ತಳಗೆರೆ ಎಳೆದು 1609ರ ಎರಡೂ ಅಂಕಿಗಳನ್ನು ಗುರುತಿಸಿ. 13 ಅಡಿಯ ತಳ ಮಧ್ಯರೇಖೆಯಿಂದ ಒಂದು ಕಡೆಗೆ 3.25 ಸೆಂಟಿಮೀಟರ್ ಬರುತ್ತದೆ. 11 ಅಡಿ 8 ಅಂಗುಲದ ತಳ 2.9 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ನಡುವಿನ ವ್ಯತ್ಯಾಸ ಮೂರು ಮಿಲಿಮೀಟರ್ ಮತ್ತು ಚೂರು. ಎರಡು ಗುರುತುಗಳಿಂದಲೂ ಸಣ್ಣ ಕಂಸವನ್ನೂ ಅದಕ್ಕೆ ಹೊಂದುವ ದೊಡ್ಡ ಕಂಸವನ್ನೂ ಬರೆಯಲು ಪ್ರಯತ್ನಿಸಿ. ತಳವನ್ನು ಅಷ್ಟು ಜರುಗಿಸಿದ ಕೂಡಲೇ ದೊಡ್ಡ ಕಂಸದ ಕೇಂದ್ರವನ್ನೂ ಜರುಗಿಸಬೇಕಾಗುತ್ತದೆ, ತ್ರಿಜ್ಯವನ್ನೂ ಬದಲಿಸಬೇಕಾಗುತ್ತದೆ. ಅಗಲವಾದ ತಳದ ಹಡಗು ಹೆಚ್ಚು ಹೊರೆ ಹಿಡಿದು ನೀರಿನಲ್ಲಿ ಕಡಿಮೆ ಆಳಕ್ಕೆ ಇಳಿಯುವ ಒಡಲಾಗುತ್ತದೆ. ಒಂದು ಗೆರೆ ಅಲ್ಲಾಡಿದರೆ ಇಡೀ ಹಡಗಿನ ಮೈ ಅಲ್ಲಾಡುತ್ತದೆ ಎಂಬುದು ಐವತ್ತು ವರ್ಷ ಕೈವಾರ ಹಿಡಿದವನಿಗೆ ಗೊತ್ತಿತ್ತು, ಅವನ ಎದುರಿಗೆ ಮಂಡಿಯೂರಿದ್ದವನಿಗೂ ಗೊತ್ತಿತ್ತು, ಏಕೆಂದರೆ ಅದನ್ನು ಅವನಿಗೆ ಕಲಿಸಿದವನು ಬೇಕರನೇ.